ಹಿತ್ತಲ ಹಣ್ಣು ಮದ್ದಲ್ಲ, ಊಟ!

ಕಾಯಿಲೆಯವರಿಗೆ ಕಿತ್ತಳೆ, ದೇವರಿಗೆ ಬಾಳೆ, ನೆಂಟರ ಮನೆಗೆ ಸೇಬು. ನಮಗೆ? ಕೈಗೆಟಕುವ ಎತ್ತರದಲ್ಲಿ ಹಣ್ಣು ತೂಗುವ ಕೊಡಗಿನಲ್ಲೂ ದಿನದ ತಟ್ಟೆಯಲ್ಲಿ ಹಣ್ಣಿಗೆ ಖಾಯಂ ಜಾಗವಿಲ್ಲ. ದಿನವೂ ಹಣ್ಣು ತಿಂದರೆ ಆಗುವುದೇನು, ಆಗದ್ದೇನು? ಕಿತ್ತಳೆ ಸುಗ್ಗಿಯ ಹೊತ್ತಿನಲ್ಲಿ ಒಂದು ಲೆಕ್ಕಾಚಾರ.

ಶುಕ್ರವಾರದ ಮಡಿಕೇರಿ ಸಂತೆ. ಜನವರಿಯ ಬೆಳಗು, ಮಂಜು ಇನ್ನೂ ಪೂರ್ತಿ ಕರಗಿಲ್ಲ. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಎರಡು ಗುಡ್ಡೆ ಕಿತ್ತಳೆ. ಒಂದು ಗುಡ್ಡೆಯ ಹಣ್ಣುಗಳೆಲ್ಲ ಒಂದೇ ಅಳತೆ, ಕಣ್ಣು ಕುಕ್ಕುವ ಕೇಸರಿ ಬಣ್ಣ. ಇನ್ನೊಂದರಲ್ಲಿ ಒಂದು ದಪ್ಪ, ಒಂದು ಸಣ್ಣ. ಹಸಿರು ಕಲೆತ ಹಳದಿ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಮಚ್ಚೆ, ತೊಟ್ಟಿನಲ್ಲಿ ಬಾಡಿದ ಎಲೆ.

ಶಾಲು ಹೊದ್ದ ಹಿರಿಯ ಹೆಂಗಸೊಬ್ಬರು ಬಗ್ಗಿ ನೋಡುತ್ತಾರೆ.

‘ಇದು ಎಲ್ಲಿಂದಪ್ಪಾ?’

‘ನಾಗ್ಪುರ ಅಮ್ಮಾ. ಸಿಹಿ ಗ್ಯಾರಂಟಿ.’

‘ಅದು?’

‘ಅದು ನಮ್ಮೂರಿದೇ. ನೋಡೋಕೆ ಚೆಂದ ಇಲ್ಲ, ತಿಂದು ನೋಡಿ.’

ಬಿಗಿಯಾಗಿ ಅಂಟಿದ ಸಿಪ್ಪೆಯನ್ನು ವ್ಯಾಪಾರಿ ಉಗುರಿನಿಂದ ಎಬ್ಬಿಸುತ್ತಿದ್ದಂತೆ ಸಿಪ್ಪೆಯ ಎಣ್ಣೆ ಚಿಮ್ಮಿ ಸುತ್ತಲೂ ಘಮ. ಒಂದು ತೊಳೆ ಬಾಯಿಗಿಟ್ಟ ಅಮ್ಮನ ಕಣ್ಣು ಮೊದಲು ಕಿರಿದಾಗಿ, ಆಮೇಲೆ ಅರಳುತ್ತದೆ. ಮೊದಲು ಹುಳಿ, ಹಿಂದೆಯೇ ಸಿಹಿ.

‘ಎಷ್ಟು ಕೊಡಲಿ?’

‘ಒಂದು ಕೆ.ಜಿ. ಹಾಕು. ನಮ್ಮ ಭಾವ ಆಸ್ಪತ್ರೆಲಿ ಇದ್ದಾರೆ, ಅವರಿಗೆ.’

‘ಮನೆಗೆ?’

‘ಮನೇಲಿ ಯಾರಿಗೂ ಏನೂ ಆಗಿಲ್ಲಪ್ಪ!’

ನಕ್ಕುಬಿಡಬಹುದಾದ ಮಾತು. ಆದರೆ ಹಣ್ಣಿನ ಬಗ್ಗೆ ನಮ್ಮ ಇಡೀ ಧೋರಣೆ ಅದರಲ್ಲೇ ಇದೆ. ಹಣ್ಣೆಂದರೆ ಆರತಿ ತಟ್ಟೆಯದು, ರೋಗಿಯ ಮಂಚದ ಪಕ್ಕದ್ದು, ಉಪವಾಸದ ದಿನದ್ದು. ಅನ್ನ ಬೇಕೇ ಬೇಕು, ಸಾರು ಬೇಕೇ ಬೇಕು, ಕಾಫಿಯಂತೂ ಬಿಡಿ. ಹಣ್ಣು ಮಾತ್ರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಹಣ್ಣಿನ ನಿಜವಾದ ಲಾಭ ಸಿಗುವುದೋ, ಏನೂ ಆಗದವರು ದಿನವೂ ತಿಂದಾಗ.

ಕಾಫಿಯ ನೆರಳಿನಲ್ಲಿ

ಕೊಡಗಿನಲ್ಲಿ ಹಣ್ಣು ಎಂದೂ ಮುಖ್ಯ ಬೆಳೆಯಾಗಿರಲಿಲ್ಲ. ಕಾಫಿ ಗಿಡಗಳ ನಡುವೆ ನೆರಳಿಗೊಂದು ಮರ ಬೇಕಿತ್ತು. ಕಿತ್ತಳೆ, ಹಲಸು, ಬೆಣ್ಣೆಹಣ್ಣು, ಕಾಡು ಮಾವು ಆ ಜಾಗದಲ್ಲಿ ನಿಂತವು. ಹಣ್ಣು ಬಂದರೆ ಲಾಭ, ಬಾರದಿದ್ದರೆ ಕಾಫಿ ಇದ್ದೇ ಇದೆ.

ಹೀಗೆ ಪಕ್ಕದ ಬೆಳೆಯಾಗಿಯೇ ಕೊಡಗಿನ ಕಿತ್ತಳೆ ಹೆಸರು ಮಾಡಿತು. ನಾಗಪುರದ ಹಣ್ಣಿನ ಸಿಪ್ಪೆ ಸಡಿಲ, ಇದರದು ಬಿಗಿ. ಹಾಗಾಗಿ ಹೆಚ್ಚು ದಿನ ಕೆಡದೆ ಉಳಿಯುತ್ತದೆ. 2005–06ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆಗೆ ಸಿಕ್ಕಿದ್ದೂ ಅದೇ ಕಾಲದಲ್ಲಿ.

ಮಾನ್ಯತೆ ಬರುವ ಹೊತ್ತಿಗೆ ಮರಗಳೇ ಕಡಿಮೆಯಾಗಿದ್ದವು. ಸಿಲ್ಲಾ ಎಂಬ ರಸ ಹೀರುವ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾ ರೋಗ ತೋಟ ತೋಟಗಳನ್ನೇ ಬೋಳಿಸಿತು. ‘ಗ್ರೀನಿಂಗ್’ ಎನ್ನುವ ಈ ರೋಗ ತಗುಲಿದ ಮರದ ಎಲೆ ಬಿಳಿಚಿಕೊಳ್ಳುತ್ತದೆ, ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ, ಹಣ್ಣು ಓರೆಕೋರೆಯಾಗಿ ಹಸಿರಾಗಿಯೇ ಉಳಿಯುತ್ತದೆ. ಹಿಡಿದ ಮೇಲೆ ಗುಣವಾಗುವ ಮಾತಿಲ್ಲ. ಮರ ಕಿತ್ತು ಸುಡಬೇಕು. ಖಾಲಿಯಾದ ಜಾಗಕ್ಕೆ ಸಿಲ್ವರ್ ಓಕ್ ಬಂತು, ಅದಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿತು. ಮೆಣಸಿನ ದರದ ಮುಂದೆ ಕಿತ್ತಳೆಯ ಲೆಕ್ಕ ನಿಲ್ಲಲಿಲ್ಲ.

ಹಾಗಂತ ಕೊಡಗಿನಲ್ಲಿ ಹಣ್ಣಿಗೆ ಬರವೇನೂ ಬಂದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಚೆಟ್ಟಳ್ಳಿಯಲ್ಲಿದೆ. ಪಪ್ಪಾಯಿಯ ‘ಕೂರ್ಗ್ ಹನಿಡ್ಯೂ’, ನೇರಳೆ ಮತ್ತು ಹಳದಿ ಪ್ಯಾಷನ್ ಹಣ್ಣುಗಳ ಸಂಕರವಾದ ‘ಕಾವೇರಿ’, ಕೆಂಪು ರಂಬುಟಾನ್ ‘ಅರ್ಕಾ ಕೂರ್ಗ್ ಅರುಣ್’, ಹಳದಿ ರಂಬುಟಾನ್ ‘ಅರ್ಕಾ ಕೂರ್ಗ್ ಪೀತಾಭ್’ ಎಲ್ಲವೂ ಅಲ್ಲಿಂದ ಬಂದವು. ತಳಿಗಳೂ ಇವೆ, ಮರಗಳೂ ಇವೆ. ದಿನವೂ ತಿನ್ನುವ ರೂಢಿಯೇ ಇಲ್ಲ.

ನೂರು ಗ್ರಾಂ ಮಾತ್ರ

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕರಿಸಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ಇದರ ಲೆಕ್ಕವಿದೆ. ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾದ ವಯಸ್ಕರ ತಟ್ಟೆಯಲ್ಲಿ ಸೊಪ್ಪು–ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎರಡೂ ಸೇರಿ ಕನಿಷ್ಠ 400 ಗ್ರಾಂ. ಆಲೂಗಡ್ಡೆ, ಮರಗೆಣಸು ಆ ಲೆಕ್ಕಕ್ಕೆ ಬರುವುದಿಲ್ಲ.

ನೂರು ಗ್ರಾಂ ಎಂದರೆ ಬುಟ್ಟಿ ತುಂಬ ಅಲ್ಲ. ಮಧ್ಯಮ ಗಾತ್ರದ ಒಂದು ಕಿತ್ತಳೆ, ಅಥವಾ ಒಂದು ಬಾಳೆಹಣ್ಣು, ಅಥವಾ ಸಣ್ಣದೊಂದು ಪೇರಳೆ, ಅಥವಾ ಪಪ್ಪಾಯಿಯ ಒಂದು ಹೋಳು. ಅಷ್ಟೇ.

ಇಷ್ಟು ಸಣ್ಣ ಪ್ರಮಾಣದಿಂದ ಏನಾದೀತು ಅನ್ನಿಸುತ್ತದೆ. ಜಗತ್ತಿನ ರೋಗಭಾರವನ್ನು ಅಳೆಯುವ ಅಧ್ಯಯನವೊಂದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2017ರ ಒಂದೇ ವರ್ಷದಲ್ಲಿ ಸುಮಾರು 1.1 ಕೋಟಿ ಸಾವುಗಳನ್ನು ಅದು ಆಹಾರದ ದೋಷಗಳ ಲೆಕ್ಕಕ್ಕೆ ಹಾಕಿತು. ಉಪ್ಪು ಹೆಚ್ಚಾಗಿದ್ದು, ಇಡಿಧಾನ್ಯ ಕಡಿಮೆಯಾಗಿದ್ದು ಮೊದಲೆರಡು ಕಾರಣ. ಅವುಗಳ ಹಿಂದೆಯೇ ಇದ್ದದ್ದು ಹಣ್ಣು ಕಡಿಮೆ ತಿಂದದ್ದು, ಸುಮಾರು 20 ಲಕ್ಷ ಸಾವು.

ಹೆಚ್ಚು ತಿಂದಷ್ಟೂ ಹೆಚ್ಚು ಲಾಭವೇ? ಅದೂ ಇಲ್ಲ. ಭಾರತವೂ ಸೇರಿ 18 ದೇಶಗಳ 1.35 ಲಕ್ಷ ಜನರನ್ನು ಗಮನಿಸಿದ ‘ಪ್ಯೂರ್’ ಅಧ್ಯಯನದ ಪ್ರಕಾರ ಹಣ್ಣು, ತರಕಾರಿ, ಬೇಳೆಕಾಳು ಮೂರೂ ಸೇರಿ ದಿನಕ್ಕೆ 375ರಿಂದ 500 ಗ್ರಾಂ ತಿಂದರೆ ಲಾಭ ಬಹುಪಾಲು ದಕ್ಕುತ್ತದೆ. ಅದರಾಚೆ ತಿಂದದ್ದು ರುಚಿಗೆ.

━━━━━━━━━━━━━━
ಕೊಡಗಿನ ಹಣ್ಣಿನ ಪಂಚಾಂಗ

ಡಿಸೆಂಬರ್–ಫೆಬ್ರುವರಿ: ಕಿತ್ತಳೆಯ ದೊಡ್ಡ ಫಸಲು, ಚಕ್ಕೋತ, ನೆಲ್ಲಿಕಾಯಿ
ಏಪ್ರಿಲ್–ಮೇ: ಕಾಡು ಮಾವು, ಹಲಸಿನ ಆರಂಭ
ಜೂನ್–ಆಗಸ್ಟ್: ಹಲಸು, ಬೆಣ್ಣೆಹಣ್ಣು, ಪ್ಯಾಷನ್ ಹಣ್ಣು, ಕಿತ್ತಳೆಯ ಸಣ್ಣ ಫಸಲು
ಸೆಪ್ಟೆಂಬರ್–ಅಕ್ಟೋಬರ್: ರಂಬುಟಾನ್, ಪೇರಳೆ
ವರ್ಷವಿಡೀ: ಬಾಳೆ, ಪಪ್ಪಾಯಿ
━━━━━━━━━━━━━━

ಹಡಗಿನಲ್ಲಿ ಶುರುವಾದ ಕಥೆ

1747ರ ಮೇ ತಿಂಗಳು. ‘ಸಾಲಿಸ್ಬರಿ’ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ನಾವಿಕರ ಒಸಡು ಕೊಳೆತು ರಕ್ತ ಸೋರುತ್ತಿತ್ತು, ಮೈಮೇಲೆ ಕಪ್ಪು ಕಲೆ ಎದ್ದಿತ್ತು. ಸ್ಕರ್ವಿ. ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಆರು ಜೋಡಿ ಮಾಡಿದ. ಒಂದು ಜೋಡಿಗೆ ಸಮುದ್ರದ ನೀರು, ಒಂದಕ್ಕೆ ವಿನೆಗರ್, ಒಂದಕ್ಕೆ ಸೇಬಿನ ಮದ್ಯ... ಒಂದು ಜೋಡಿಗೆ ಮಾತ್ರ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಕ್ಕೆ ಹಣ್ಣಿನ ದಾಸ್ತಾನು ಮುಗಿಯಿತು. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳಲು ತಯಾರಾಗಿದ್ದ.

ಹಣ್ಣಿನಲ್ಲಿದ್ದ ಆ ಅಂಶ ‘ಸಿ’ ಜೀವಸತ್ವ ಎಂದು ತಿಳಿಯಲು 20ನೇ ಶತಮಾನ ಬರಬೇಕಾಯಿತು. ಭಾರತದ ಇಂದಿನ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ಬೇಕು. ನಮ್ಮ ದೇಹ ಇದನ್ನು ತಯಾರಿಸಿಕೊಳ್ಳುವುದಿಲ್ಲ, ಹೆಚ್ಚು ಕಾಲ ಕೂಡಿಡುವುದೂ ಇಲ್ಲ. ಹಾಗಾಗಿ ಭಾನುವಾರ ಅರ್ಧ ಡಜನ್ ತಿಂದು ವಾರವಿಡೀ ಸುಮ್ಮನಿರುವ ಲೆಕ್ಕ ನಡೆಯುವುದಿಲ್ಲ.

ಸ್ಕರ್ವಿ ಈಗ ಅಪರೂಪ. ಆದರೆ ‘ಸಿ’ ಜೀವಸತ್ವ ಮಾಡುವ ಇನ್ನೊಂದು ಕೆಲಸ ನಮಗೆ ಇಂದಿಗೂ ತುರ್ತಿನದು: ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳಲು ಅದು ನೆರವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಊಟದ ಜೊತೆಗೇ ತಿಂದ ಒಂದು ಪೇರಳೆ ಅಥವಾ ಕಿತ್ತಳೆಗೆ ಇಲ್ಲಿ ಬೆಲೆಯಿದೆ.

ಕೊಡಗಿನವರು ಬೇಸರಪಡಬಹುದಾದ ಸಂಗತಿಯೊಂದನ್ನೂ ಇಲ್ಲೇ ಹೇಳಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಈ ಜಿಲ್ಲೆಯ ಅತಿ ದೊಡ್ಡ ಹಣ್ಣು ಕಾಫಿಯೇ. ಕೊಯ್ಲಿನ ಹೊತ್ತಿನಲ್ಲಿ ಮಕ್ಕಳು ಕೆಂಪು ಕಾಫಿ ಹಣ್ಣನ್ನು ಬಾಯಿಗೆ ಹಾಕಿ, ಸಿಹಿ ಲೋಳೆ ಚೀಪಿ, ಬೀಜ ಉಗಿಯುತ್ತಾರೆ. ದೊಡ್ಡವರು ಹಣ್ಣಿನ ಸಿಪ್ಪೆ ಗೊಬ್ಬರಕ್ಕೆ ಹಾಕಿ ಬೀಜವನ್ನು ಕುಡಿಯುತ್ತೇವೆ! 1983ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣಾಂಶ ಹೀರಿಕೊಳ್ಳುವುದು ಶೇ 39ರಷ್ಟು ಕುಸಿಯಿತು. ಚಹಾ ಕುಡಿದಾಗ ಶೇ 64ರಷ್ಟು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ಅಡ್ಡಿ ಅಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ಮಾತ್ರ ಏನೂ ತೊಂದರೆಯಾಗಲಿಲ್ಲ.

ಕಾಫಿ ಬಿಡಿ ಎಂದು ಕೊಡಗಿನಲ್ಲಿ ಹೇಳುವ ಧೈರ್ಯ ಯಾರಿಗಿದೆ? ಕಾಫಿ ಊಟಕ್ಕಿಂತ ಮುಂಚೆ ಆಗಲಿ, ಹಣ್ಣು ಊಟದ ಜೊತೆ ಬರಲಿ. ಇಬ್ಬರಿಗೂ ಜಗಳವಿಲ್ಲ.

ಮತ್ತೆ ನೆಗಡಿ? ‘ಮಳೆಗಾಲದಲ್ಲಿ ಕಿತ್ತಳೆ ಕೊಡಬೇಡ, ಮಗುವಿಗೆ ಶೀತ ಆಗುತ್ತೆ’ ಎಂಬುದು ಅಜ್ಜಿಯರ ಮಾತು. ‘ಕಿತ್ತಳೆ ತಿಂದರೆ ನೆಗಡಿ ಬರುವುದೇ ಇಲ್ಲ’ ಎಂಬುದು ಮೊಬೈಲ್ ಪಂಡಿತರ ಮಾತು. ನೆಗಡಿ ಬರುವುದು ವೈರಸ್ಸಿನಿಂದ, ಕಿತ್ತಳೆಯಿಂದಲ್ಲ. ಅತ್ತ, ‘ಸಿ’ ಜೀವಸತ್ವದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ತೂಗಿದ 2013ರ ಕಾಕ್ರೇನ್ ವಿಮರ್ಶೆ ಹೇಳುವುದು ಇಷ್ಟು: ದಿನವೂ ಗುಳಿಗೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಬಂದದ್ದು ದೊಡ್ಡವರಲ್ಲಿ ಶೇ 8, ಮಕ್ಕಳಲ್ಲಿ ಶೇ 14ರಷ್ಟು ಬೇಗ ಹೋಗುತ್ತದೆ.

━━━━━━━━━━━━━━
ಸೇಬಿನ ಗತ್ತು, ಪೇರಳೆಯ ಗಮ್ಮತ್ತು

100 ಗ್ರಾಂ ಹಣ್ಣಿನಲ್ಲಿ ‘ಸಿ’ ಜೀವಸತ್ವ, ಅಂದಾಜು ಮಿಲಿಗ್ರಾಂಗಳಲ್ಲಿ:
ಪೇರಳೆ – 200ಕ್ಕೂ ಹೆಚ್ಚು
ಪಪ್ಪಾಯಿ, ಚಕ್ಕೋತ – 60ರ ಆಸುಪಾಸು
ಕಿತ್ತಳೆ ಜಾತಿ – 25ರಿಂದ 50
ಬಾಳೆ – 9
ಸೇಬು – 5

ಆಸ್ಪತ್ರೆಗೆ ಒಯ್ಯುವ ದುಬಾರಿ ಸೇಬು ಪಟ್ಟಿಯ ಕೊನೆಯಲ್ಲಿದೆ. ಹಿತ್ತಲಲ್ಲಿ ಅಳಿಲು ಕಚ್ಚಿ ಬೀಳಿಸುವ ಪೇರಳೆ ಮೊದಲಲ್ಲಿದೆ.
━━━━━━━━━━━━━━

ಐದು ಲಕ್ಷ ಜನರ ಸಾಕ್ಷಿ

ಹೃದಯಕ್ಕೆ ಹಣ್ಣು ಒಳ್ಳೆಯದು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಚೀನಾದಿಂದ. ಅಲ್ಲಿನ ಹತ್ತು ಪ್ರದೇಶಗಳ ಐದು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು 2004ರಿಂದ 2008ರ ನಡುವೆ ನೋಂದಾಯಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದ ವರದಿ 2016ರಲ್ಲಿ ಹೊರಬಂತು. ದಿನವೂ ತಾಜಾ ಹಣ್ಣು ತಿನ್ನುತ್ತಿದ್ದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಹಣ್ಣು ಮುಟ್ಟದವರಿಗೆ ಹೋಲಿಸಿದರೆ ಇವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಸಂಭವ ಸುಮಾರು ಶೇ 40ರಷ್ಟು ಕಡಿಮೆಯಿತ್ತು. ರಕ್ತದೊತ್ತಡವೂ ಕಡಿಮೆ, ರಕ್ತದ ಸಕ್ಕರೆಯೂ ಕಡಿಮೆ.

ಹಣ್ಣು ತಿನ್ನುವವರು ಸಾಮಾನ್ಯವಾಗಿ ಕೈಯಲ್ಲಿ ನಾಲ್ಕು ಕಾಸಿರುವವರು, ಸಿಗರೇಟು ಕಡಿಮೆ ಸೇದುವವರು. ಲಾಭ ಅದರಿಂದಲೇ ಬಂದಿರಬಾರದೇಕೆ? ನ್ಯಾಯವಾದ ಪ್ರಶ್ನೆ. ಸಂಶೋಧಕರು ಆದಾಯ, ಓದು, ಧೂಮಪಾನಗಳನ್ನು ಲೆಕ್ಕಕ್ಕೆ ಹಿಡಿದು ಅಂಕಿ ತಿದ್ದಿದ್ದಾರೆ. ಆದರೂ ಇಂಥ ಅಧ್ಯಯನಗಳಲ್ಲಿ ಒಂದಿಷ್ಟು ಅನುಮಾನ ಉಳಿದೇ ಉಳಿಯುತ್ತದೆ. ಹಣ್ಣೊಂದೇ ಶೇ 40ರಷ್ಟು ಕಾಪಾಡಿತು ಎನ್ನಲಾಗದು. ಹಣ್ಣಿಗೆ ಅದರಲ್ಲಿ ಪಾಲೇ ಇಲ್ಲ ಎನ್ನುವುದು ಇನ್ನೂ ಕಷ್ಟ. ಏಕೆಂದರೆ ಹೇಗೆ ಕಾಪಾಡುತ್ತದೆ ಎಂಬುದೂ ಗೊತ್ತಿದೆ.

ಹಣ್ಣಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ತೀರಾ ಕಡಿಮೆ. ಪೊಟ್ಯಾಷಿಯಂ ಮೂತ್ರಪಿಂಡದ ಮೂಲಕ ಹೆಚ್ಚುವರಿ ಸೋಡಿಯಂ ಹೊರಹೋಗುವಂತೆ ಮಾಡುತ್ತದೆ, ರಕ್ತನಾಳಗಳ ಬಿಗಿ ಸಡಿಲಿಸುತ್ತದೆ. ಉಪ್ಪಿನಕಾಯಿ, ಒಣಮೀನು, ಉಪ್ಪು ಹಾಕಿ ಬಾಡಿಸಿದ ಮಾಂಸ ಇಷ್ಟಪಡುವ ನಾಡಿಗೆ ಇದು ಬೇಕಾದದ್ದೇ. ಇನ್ನು ನಾರು. ನಾವು ಜೀರ್ಣಿಸಿಕೊಳ್ಳಲಾಗದ ಈ ಭಾಗವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ.

ಕಿತ್ತಳೆ ಸುಲಿಯುವಾಗ ತೊಳೆಗೆ ಅಂಟಿದ ಬಿಳಿ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಎಸೆಯುವವರಿದ್ದಾರೆ. ಹೆಸ್ಪೆರಿಡಿನ್ ಎಂಬ ಸಸ್ಯಾಂಶ ಇರುವುದು ಅಲ್ಲೇ: ಆ ಎಳೆಯಲ್ಲಿ, ತೊಳೆಯ ತೆಳು ಪೊರೆಯಲ್ಲಿ, ಸಿಪ್ಪೆಯ ಒಳಮೈಯಲ್ಲಿ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ನಮ್ಮ ಅಡುಗೆಯವರು ಏನನ್ನೂ ಬಿಡುತ್ತಿರಲಿಲ್ಲ. ಕಹಿ ಹುಳಿಯ ಕೈಪುಳಿ ಹಣ್ಣಿನಿಂದ ಪಜ್ಜಿ ಮಾಡುವ ಕೊಡವ ಮನೆಗಳಲ್ಲೂ ಅದೇ ಜಾಣ್ಮೆ.

ಸಕ್ಕರೆ ಕಾಯಿಲೆಯವರ ಭಯ

‘ಶುಗರ್ ಇದೆ, ಹಣ್ಣು ಬೇಡ’ ಎನ್ನುತ್ತಲೇ ಚಹಾಕ್ಕೆ ಎರಡು ಬಿಸ್ಕತ್ತು ಅದ್ದುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಿಗೆಲ್ಲ ಹಣ್ಣು ವರ್ಜ್ಯವೇ?

ಚೀನಾದ ಅದೇ ಅಧ್ಯಯನ ಇದನ್ನೂ ನೋಡಿತು. ದಿನವೂ ತಾಜಾ ಹಣ್ಣು ತಿನ್ನುವವರಿಗೆ ಮಧುಮೇಹ ಬರುವ ಸಂಭವ ಶೇ 12ರಷ್ಟು ಕಡಿಮೆ. ಈಗಾಗಲೇ ಮಧುಮೇಹ ಇದ್ದವರಲ್ಲಿ ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಹಣ್ಣು ತಿಂದವರ ಸಾವಿನ ಪ್ರಮಾಣ ಶೇ 17ರಷ್ಟು ಕಡಿಮೆ.

ಆದರೆ ಹಣ್ಣು ಬೇರೆ, ಹಣ್ಣಿನ ರಸ ಬೇರೆ. 1.87 ಲಕ್ಷ ಅಮೆರಿಕನ್ನರ ಆಹಾರವನ್ನು ದಶಕಗಟ್ಟಲೆ ದಾಖಲಿಸಿದ ಅಧ್ಯಯನವೊಂದು 2013ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ದ್ರಾಕ್ಷಿ, ಸೇಬಿನಂಥ ಹಣ್ಣನ್ನು ಇಡಿಯಾಗಿ ತಿಂದವರಲ್ಲಿ ಮಧುಮೇಹ ಕಡಿಮೆಯಿತ್ತು. ರಸ ಕುಡಿದವರಲ್ಲಿ ಹೆಚ್ಚಿತ್ತು.

ಹಣ್ಣು ಅದೇ, ಸಕ್ಕರೆಯೂ ಅದೇ. ವ್ಯತ್ಯಾಸ ಎಲ್ಲಿ? ಇಡೀ ಹಣ್ಣಿನ ಸಕ್ಕರೆ ಪತ್ತಾಯದೊಳಗಿನ ಭತ್ತದ ಹಾಗೆ. ಬಾಗಿಲು ಎಷ್ಟು ತೆರೆದರೆ ಅಷ್ಟೇ ಹೊರಬರುತ್ತದೆ. ಮಿಕ್ಸಿಗೆ ಹಾಕಿ ಸೋಸಿದರೆ ಜೀವಕೋಶಗಳ ಗೋಡೆ ಒಡೆದು ನಾರು ಜರಡಿಯಲ್ಲಿ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಬೀಳುತ್ತದೆ. 1977ರ ಸರಳ ಪ್ರಯೋಗವೊಂದರಲ್ಲಿ ಹತ್ತು ಜನರಿಗೆ ಸೇಬನ್ನು ಇಡಿಯಾಗಿ, ಅರೆದು, ರಸ ತೆಗೆದು ಮೂರು ಬಗೆಯಲ್ಲಿ ಕೊಟ್ಟರು. ಇಡೀ ಹಣ್ಣು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ವೇಗವಾಗಿ ರಸ ಹೊಟ್ಟೆ ಸೇರಿತು. ಇನ್ಸುಲಿನ್ ಹೆಚ್ಚು ಏರಿತು, ಹೊಟ್ಟೆ ತುಂಬಿದ ಭಾವ ಮಾತ್ರ ಕಡಿಮೆ.

ಮಡಿಕೇರಿ, ಕುಶಾಲನಗರದ ರಸ್ತೆ ಬದಿ ಪ್ರವಾಸಿಗರು ಮುಗಿಬಿದ್ದು ಕೊಳ್ಳುವ ಪ್ಯಾಷನ್ ಹಣ್ಣಿನ ಸ್ಕ್ವಾಷ್, ಜಾಮ್, ಮನೆಯಲ್ಲೇ ಮಾಡಿದ ವೈನ್‌ಗಳ ಮಾತೂ ಇಷ್ಟೇ. ಖುಷಿಗೆ ಒಂದು ಗುಟುಕು ಕುಡಿಯಿರಿ. ಹಣ್ಣಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಪ್ಯಾಷನ್ ಹಣ್ಣನ್ನು ಎರಡು ಹೋಳು ಮಾಡಿ, ಬೀಜ ಸಮೇತ ಚಮಚದಿಂದ ತೋಡಿ ತಿಂದರೆ ಅದರಷ್ಟು ನಾರು ಕೊಡುವ ಹಣ್ಣು ಕಡಿಮೆ.

ಮಧುಮೇಹಿಗಳು ಒಂದು ಸಲಕ್ಕೆ ಒಂದೇ ಹಣ್ಣು, ಅಳತೆಯಲ್ಲಿ ತಿನ್ನಬೇಕು. ಹತ್ತು ಹಲಸಿನ ತೊಳೆ ಮುಗಿಸಿ ‘ಹಣ್ಣು ತಾನೇ’ ಎಂದರೆ ಗ್ಲುಕೋಮೀಟರ್ ಕೇಳುವುದಿಲ್ಲ.

ಬೆಣ್ಣೆಹಣ್ಣಿಗೆ ಬಂದ ಯೋಗ

ತೋಟದಲ್ಲಿ ಬಿದ್ದ ಬೆಣ್ಣೆಹಣ್ಣನ್ನು ಕೇಳುವವರೇ ಇಲ್ಲದ, ನಾಯಿಯೋ ಹಂದಿಯೋ ತಿಂದು ಹೋಗುತ್ತಿದ್ದ ಕಾಲವನ್ನು ಕೊಡಗಿನ ಹಳಬರು ನೆನೆಯುತ್ತಾರೆ. ಈಗ ಅದೇ ಹಣ್ಣು ‘ಅವಕಾಡೊ’ ಹೆಸರಿನಲ್ಲಿ ಬೆಂಗಳೂರಿನ ಕೆಫೆಗಳ ಬ್ರೆಡ್ಡಿನ ಮೇಲೆ ಕುಳಿತಿದೆ. ಚೆಟ್ಟಳ್ಳಿ ಕೇಂದ್ರವೂ ‘ಅರ್ಕಾ ಸುಪ್ರೀಂ’, ‘ಅರ್ಕಾ ಕೂರ್ಗ್ ರವಿ’ ತಳಿಗಳನ್ನು ಕೊಟ್ಟಿದೆ.

ಇದು ಸಿಹಿ ಹಣ್ಣಲ್ಲ. 100 ಗ್ರಾಮಿನಲ್ಲಿ ಸುಮಾರು 15 ಗ್ರಾಂ ಕೊಬ್ಬು. ಅದರಲ್ಲಿ ಹೆಚ್ಚಿನದು ಆಲಿವ್ ಎಣ್ಣೆಯಲ್ಲಿರುವಂಥ, ಹೃದಯಕ್ಕೆ ಹಿತವಾದ ಬಗೆಯದು. 6–7 ಗ್ರಾಂ ನಾರು, ಬಾಳೆಹಣ್ಣಿಗಿಂತ ಹೆಚ್ಚು ಪೊಟ್ಯಾಷಿಯಂ. ಅಮೆರಿಕದ 1.1 ಲಕ್ಷ ಜನರನ್ನು 30 ವರ್ಷ ಗಮನಿಸಿದ ಅಧ್ಯಯನದ ವರದಿ 2022ರಲ್ಲಿ ಬಂತು: ವಾರಕ್ಕೆ ಕನಿಷ್ಠ ಎರಡು ಬಾರಿ ಬೆಣ್ಣೆಹಣ್ಣು ತಿಂದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸಂಭವ ಶೇ 16ರಷ್ಟು ಕಡಿಮೆ. ಬೆಣ್ಣೆ, ಚೀಸ್, ಸಂಸ್ಕರಿಸಿದ ಮಾಂಸದ ಬದಲಿಗೆ ತಿಂದಾಗಲೂ ಲಾಭ ಕಾಣಿಸಿತು.

‘ಬದಲಿಗೆ’ ಎಂಬುದನ್ನು ಮರೆಯಬಾರದು. ಕೊಡಗಿನಲ್ಲಿ ಬೆಣ್ಣೆಹಣ್ಣನ್ನು ತಿನ್ನುವುದೇ ಸಕ್ಕರೆ ಬೆರೆಸಿ ಕಲಸಿ, ಇಲ್ಲವೇ ಹಾಲು–ಸಕ್ಕರೆ ಹಾಕಿ ಮಿಲ್ಕ್‌ಶೇಕ್ ಮಾಡಿ. ಉಪ್ಪು, ಕಾಳುಮೆಣಸು, ಎರಡು ಹನಿ ನಿಂಬೆರಸ ಹಾಕಿ ಅಕ್ಕಿ ರೊಟ್ಟಿಗೆ ಸವರಿದರೆ ಬೆಣ್ಣೆಯ ಖರ್ಚೂ ಉಳಿಯುತ್ತದೆ.

ಕಾಚಂಪುಳಿ ಗುಳಿಗೆಯಾದ ಕಥೆ

ಹಣ್ಣನ್ನು ಮದ್ದು ಮಾಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನದೇ ಒಂದು ಕಥೆಯಿದೆ.

ಮಳೆಗಾಲದಲ್ಲಿ ಕಾಡಂಚಿನ ಪಣಪುಳಿ ಮರದಡಿ ಹಳದಿ ಹಣ್ಣು ಉದುರುತ್ತವೆ; ಪುಟ್ಟ ಕುಂಬಳಕಾಯಿಯಂತೆ ಮೈಯೆಲ್ಲ ಏಣು. ಮಲೆನಾಡಿನವರಿಗೆ ಇದು ಉಪ್ಪಾಗೆ. ಹಣ್ಣುಗಳನ್ನು ಆರಿಸಿ ತಂದು ಬುಟ್ಟಿಗೆ ತುಂಬಿ, ಕೆಳಗೊಂದು ಪಾತ್ರೆ ಇಡುತ್ತಾರೆ. ದಿನ ಕಳೆದಂತೆ ಹಣ್ಣು ಕೊಳೆತು ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಕಪ್ಪಗೆ, ಮಂದವಾಗಿ, ಹಲ್ಲು ಚುಳ್ ಎನ್ನುವ ಹುಳಿಯ ಕಾಚಂಪುಳಿ ತಯಾರು. ಇದು ಒಂದು ಚಮಚ ಬೀಳದಿದ್ದರೆ ಹಂದಿ ಮಾಂಸದ ಪಂದಿ ಕರಿ ಪಂದಿ ಕರಿಯಲ್ಲ.

1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. ದೇಹದಲ್ಲಿ ಪಿಷ್ಟ ಕೊಬ್ಬಾಗಲು ಬೇಕಾದ ಒಂದು ಕಿಣ್ವಕ್ಕೆ ಈ ಆಮ್ಲ ಅಡ್ಡಗಾಲು ಹಾಕುತ್ತದೆ ಎಂದು ಆಮೇಲೆ ಗೊತ್ತಾಯಿತು. ಇಲಿಗಳು ತೂಕ ಇಳಿಸಿಕೊಂಡವು. ಸರಿ, ಅಮೆರಿಕದ ಮಾರುಕಟ್ಟೆಯಲ್ಲಿ ‘ಗಾರ್ಸೀನಿಯಾ ಕಾಂಬೋಜಿಯಾ’ ಗುಳಿಗೆಗಳ ಸುಗ್ಗಿ! ಬೊಜ್ಜು ಕರಗಿಸುವ ಮಾಯಾ ಹಣ್ಣು!

1998ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಅರ್ಧ ಮಂದಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲದ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ. ಎಲ್ಲರಿಗೂ ಒಂದೇ ಪಥ್ಯ. ಗುಳಿಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಗುಳಿಗೆಯವರು 4.1 ಕಿಲೋ! ಇಳಿಸಿದ್ದು ಪಥ್ಯ, ಗುಳಿಗೆಯಲ್ಲ. ಮುಂದೆ ಇಂಥ ಪೂರಕಗಳನ್ನು ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಬಂದವು.

ಪಂದಿ ಕರಿಗೆ ಬಿದ್ದ ಒಂದು ಚಮಚ ಕಾಚಂಪುಳಿಯಿಂದ ಯಾರಿಗೂ ಕೇಡಾಗಿಲ್ಲ. ಊಟದಲ್ಲಿ ಇದ್ದಷ್ಟು ದಿನ ಅದು ಹಣ್ಣು. ಒಂದೇ ಅಂಶ ಹಿಂಡಿ, ಸೀಸೆಗೆ ತುಂಬಿ, ಪವಾಡದ ಲೇಬಲ್ ಅಂಟಿಸಿದ ಮೇಲೆ ಅದು ವ್ಯಾಪಾರ.

━━━━━━━━━━━━━━
ಯಾರಿಗೆ ಎಚ್ಚರ?

● ಮೂತ್ರಪಿಂಡದ ಕಾಯಿಲೆ ಇದ್ದವರು: ಬಾಳೆ, ಬೆಣ್ಣೆಹಣ್ಣು, ಕಿತ್ತಳೆಯ ಪೊಟ್ಯಾಷಿಯಂ ಅಪಾಯವಾಗಬಹುದು; ವೈದ್ಯರನ್ನು ಕೇಳಿಯೇ ತಿನ್ನಬೇಕು. ಹಿತ್ತಲಲ್ಲಿ ಬೆಳೆಯುವ ಕಮರಾಕ್ಷಿ ಅಂದರೆ ನಕ್ಷತ್ರ ಹಣ್ಣನ್ನು ಮುಟ್ಟಲೇಬಾರದು. ಅದರಲ್ಲಿರುವ ವಿಷಾಂಶ ಮಿದುಳಿಗೆ ಏರುತ್ತದೆ.
● ಚಕ್ಕೋತ ಮತ್ತು ಮಾತ್ರೆ: ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಭಾವವನ್ನು ಚಕ್ಕೋತದಂಥ ಹಣ್ಣು ಹೆಚ್ಚಿಸಬಲ್ಲದು.
● ಬಾವಲಿ ಕಚ್ಚಿದ ಹಣ್ಣು: 2018ರಲ್ಲಿ ನೆರೆಯ ಕೇರಳದ ಕೋಯಿಕ್ಕೋಡ್ ಕಡೆ ನಿಫಾ ಕಾಣಿಸಿಕೊಂಡಿತು. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಈ ವೈರಸ್ಸಿನ ನೆಲೆ. ಮರದಡಿ ಬಿದ್ದ, ಕಚ್ಚಿದ ಗುರುತಿರುವ ಹಣ್ಣು ಬೇಡ.
● ಎಲ್ಲರೂ: ಸಿಪ್ಪೆ ಸಮೇತ ತಿನ್ನುವ ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ.
━━━━━━━━━━━━━━

ಆನೆಗೆ ಗೊತ್ತು, ನಮಗೆ?

ಮೇ, ಜೂನ್ ಬಂತೆಂದರೆ ಕೊಡಗಿನ ತೋಟಗಳಿಗೆ ಆನೆಗಳು ಇಳಿಯುತ್ತವೆ. ಹಲಸು ಮಾಗಿದ ವಾಸನೆ ಅವುಗಳಿಗೆ ಮೈಲಿ ದೂರಕ್ಕೂ ಆಹ್ವಾನ. ಆನೆ ಬಂದರೆ ಹಲಸಿನ ಜೊತೆ ಕಾಫಿ ಗಿಡವೂ ಹೋಯಿತು, ಕೆಲವೊಮ್ಮೆ ಮನುಷ್ಯರ ಜೀವವೂ ಹೋಯಿತು. ಹಾಗಾಗಿ ಎಷ್ಟೋ ತೋಟಗಳಲ್ಲಿ ಹಲಸನ್ನು ಎಳೆಯದಾಗಿರುವಾಗಲೇ ಕೊಯ್ದು ಹಾಕುತ್ತಾರೆ, ಮರವನ್ನೇ ಕಡಿದವರೂ ಇದ್ದಾರೆ. ಹಣ್ಣು ಇಲ್ಲಿ ಊಟವಾಗುವ ಮೊದಲೇ ಸಮಸ್ಯೆಯಾಗಿಬಿಟ್ಟಿದೆ.

ತೋಟದಲ್ಲಿ ದುಡಿಯುವವರ ಪಾಡು ಬೇರೆಯೇ. ಕಾರ್ಮಿಕರ ಲೈನ್ ಮನೆಯ ಸಂಸಾರಕ್ಕೆ ಸಂತೆಯಲ್ಲಿ ಮೊದಲು ಬೇಕಾದ್ದು ಅಕ್ಕಿ, ಎಣ್ಣೆ, ಬೇಳೆ, ಒಣಮೀನು. ಕಿತ್ತಳೆಯ ಸರದಿ ಬರುವ ಹೊತ್ತಿಗೆ ಚೀಲವಷ್ಟೇ ತುಂಬಿರುತ್ತದೆ, ಜೇಬು ಬರಿದು. ಕಾಡಿನ ನೆಲ್ಲಿ, ನೇರಳೆ, ಮಾವು ತಿಂದು ಬೆಳೆದ ಜೇನುಕುರುಬರು, ಎರವರ ಎಷ್ಟೋ ಕುಟುಂಬಗಳು ಕಾಡಿನಿಂದ ಹೊರಬಂದ ಮೇಲೆ ಆ ಹಣ್ಣುಗಳೂ ದೂರವಾದವು. ರಕ್ತಹೀನತೆಯ ವಿರುದ್ಧ ಹಣ್ಣಿನ ನೆರವು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ.

ಶಾಲೆಯಲ್ಲೂ ಹಣ್ಣಿಗೆ ಎರಡನೇ ಸ್ಥಾನ. ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ ಬಿಸಿಯೂಟದಲ್ಲಿ ಬಾಳೆಹಣ್ಣು ಬರುವುದು ಮೊಟ್ಟೆ ಬೇಡ ಎನ್ನುವ ಮಕ್ಕಳಿಗೆ. ಮೊಟ್ಟೆ ಕೊಡುವ ಪ್ರೋಟೀನನ್ನು ಬಾಳೆ ಕೊಡುವುದಿಲ್ಲ. ಬಾಳೆಯ ನಾರನ್ನು ಮೊಟ್ಟೆ ಕೊಡುವುದಿಲ್ಲ. ಎರಡನ್ನೂ ಎದುರುಬದುರು ನಿಲ್ಲಿಸುವ ಬದಲು ಅಕ್ಕಪಕ್ಕ ಇಡಬೇಕಿತ್ತು.

ಹಿಂದಿನವರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಬೇಸಿಗೆಯಲ್ಲಿ ಉದುರಿದ ಕಾಡು ಮಾವನ್ನು ಉಪ್ಪುನೀರಿನ ಭರಣಿಗೆ ತುಂಬಿಟ್ಟು, ಹೊರಗೆ ಕಾಲಿಡಲಾಗದ ಕಕ್ಕಡ ಮಾಸದ ಮಳೆಯಲ್ಲಿ ತೆಗೆದು ಬೆಲ್ಲ, ಖಾರ ಹಾಕಿ ಸಾರು ಮಾಡುತ್ತಿದ್ದರು. ಉಪ್ಪು ಹೆಚ್ಚು, ನಿಜ. ಆದರೆ ಆ ಲೆಕ್ಕದಲ್ಲಿ ಹಣ್ಣು ಅಡುಗೆಮನೆಯ ಸಾಮಾನಾಗಿತ್ತು, ಅಪರೂಪದ ಅತಿಥಿಯಾಗಿರಲಿಲ್ಲ.

ಈಗ ಬೇಕಾಗಿರುವುದೂ ಅಂಥದೇ ಒಂದು ಲೆಕ್ಕ. ಸಂತೆಯ ಚೀಟಿಯಲ್ಲಿ ಅಕ್ಕಿ, ಬೇಳೆಯ ಜೊತೆಗೇ ಆ ತಿಂಗಳ ಹಣ್ಣನ್ನೂ ಬರೆಯುವುದು. ಮನೆಯಲ್ಲಿ ನಾಲ್ವರಿದ್ದರೆ ದಿನಕ್ಕೆ 400 ಗ್ರಾಂ, ವಾರಕ್ಕೆ ಮೂರು ಕಿಲೋಗಿಂತ ತುಸು ಕಡಿಮೆ. ದೂರದ ಕಿವಿ, ಡ್ರ್ಯಾಗನ್ ಹಣ್ಣೇ ಆಗಬೇಕಿಲ್ಲ. ಅಗ್ಗಕ್ಕೆ ಸಿಗುವ ಬಾಳೆ, ಪಪ್ಪಾಯಿ, ಪೇರಳೆಯಲ್ಲಿ ಕೊರತೆಯೇನೂ ಇಲ್ಲ.

ತೋಟದ ಮಾಲೀಕರಿಗೆ ಇನ್ನೂ ಸುಲಭ. ಲೈನ್ ಮನೆಗಳ ಸುತ್ತ, ಆನೆ ದಾರಿಯಿಂದ ದೂರ, ಒಂದಷ್ಟು ಹಣ್ಣಿನ ಗಿಡ ಹಾಕಿ ಅದರ ಫಸಲು ಅಲ್ಲಿರುವವರದೇ ಎಂದುಬಿಟ್ಟರೆ ಆಯಿತು. ಪಪ್ಪಾಯಿ ಒಂದು ವರ್ಷದೊಳಗೆ ಹಣ್ಣು ಬಿಡುತ್ತದೆ. ರೋಗವಿಲ್ಲದ ನರ್ಸರಿಯ ಕಸಿ ಕಿತ್ತಳೆಗೆ ನಾಲ್ಕೈದು ವರ್ಷ ಕಾಯಬೇಕು. ಈ ಮುಂಗಾರಿಗೆ ಗುಂಡಿ ತೋಡುವವರು ಎರಡನ್ನೂ ನೆಡಲಿ: ಒಂದು ಬರುವ ವರ್ಷದ ಊಟಕ್ಕೆ, ಇನ್ನೊಂದು ಈಗ ಅಂಗನವಾಡಿಗೆ ಹೋಗುತ್ತಿರುವ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಓದುವ ಹೊತ್ತಿಗೆ.